ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಉಪನ್ಯಾಸಮಾಲೆಯ ಪರಂಪರೆ

೧

'ಉಪನ್ಯಾಸ'ವೆಂಬ ಶಬ್ದಕ್ಕೆ ನಮ್ಮ ದೇಶಭಾಷೆಗಳಲ್ಲೆಲ್ಲ ಒಂದೇ ಅರ್ಥವಿಲ್ಲ. ವಂಗಭಾಷೆಯಲ್ಲಿಯೂ ಹಿಂದಿಯಲ್ಲಿಯೂ ಅದು ನಾವು ಕಾದಂಬರಿಯೆಂದು ಕರೆಯುವ ಗದ್ಯಕಥೆಗೆ ಸಲ್ಲುವ ಹೆಸರು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಭೆಯೆದುರಿಗೆ ಒಂದು ವಿಷಯವನ್ನು ಕ್ರಮವಾಗಿ ನಿರೂಪಿಸುವ ಮಾತಿಗೆ ಆ ಹೆಸರು ನಿಂತಿದೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ 'ಸಮೀಪದಲ್ಲಿ ಇಡುವುದು' ಎಂದು. ಅದರಿಂದ 'ವಿಚಾರಕ್ಕಾಗಿ ಒಂದು ವಿಷಯವನ್ನು ಮುಂದಿಡುವುದು' ಎಂಬ ಅರ್ಥ ಬೆಳೆಯಿತು. ಕನ್ನಡವು ಉಳಿಸಿಕೊಂಡಿರುವುದು ಈ ಎರಡನೆಯ ಅರ್ಥವನ್ನು. ತಿಳಿದವರು ತಮ್ಮ ತಿಳಿವನ್ನು ತಂದು ಕೇಳುವವರ ಸಮೀಪದಲ್ಲಿ ಇಡುತ್ತಾರೆ. ಅದನ್ನು ಎತ್ತಿಕೊಳ್ಳುವುದೂ ಬಿಡುವುದೂ ಪರೀಕ್ಷಿಸುವುದೂ ಕೇಳಿದವರ ಪಾಲಿಗೆ ಸೇರಿದ್ದು.

ಈ ಬಗೆಯ ಉಪನ್ಯಾಸಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಮಾಲೆಯಾಗಿ, ಗೊತ್ತಾದ ಕಾಲದಲ್ಲಿ, ಗೊತ್ತಾದ ಸ್ಥಳದಲ್ಲಿ, ಶುಲ್ಕವಾಗಲಿ ಪರೀಕ್ಷೆಯಾಗಲಿ ಇಲ್ಲದೆ ನಡೆಸಿಕೊಂಡು ಬಂದಿರುವ ಸಂಸ್ಥೆಗಳು ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಹಲವು. ಅವುಗಳ ಚರಿತ್ರೆಯನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಮೊದಲ ಉದ್ದೇಶ. ಸಭೆ ಮುಗಿದ ಮೇಲೆ ಉಪನ್ಯಾಸದಿಂದ ಉಳಿಯುವುದೇನು ಎಂದು ವಿಚಾರಿಸುವುದು ಎರಡನೆಯದು. ಸಭಾಮಂದಿರಗಳಲ್ಲಿ ನಡೆಯುತ್ತಿದ್ದ ಕಾರ್ಯಗಳಲ್ಲಿ ಅನೇಕವು ಅಂತರಜಾಲಕ್ಕೆ ಏರಿರುವ ಈ ಕಾಲದಲ್ಲಿ ಎರಡನೆಯ ಪ್ರಶ್ನೆಯು ಮೊದಲಿನದಕ್ಕಿಂತ ತ್ವರೆಯದಾಗಿದೆ.

೨

ಸಭೆ ಕೂಡಿ ವಿದ್ಯೆಯನ್ನು ಕೇಳುವುದು ನಮ್ಮ ನಾಡಿಗೆ ಹೊಸದಲ್ಲ. ಪುರಾಣಪ್ರವಚನ, ಹರಿಕಥೆ, ಗಮಕಿಯು ಭಾರತವನ್ನು ಓದಲು ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವ ಪದ್ಧತಿ, ಇವೆಲ್ಲವೂ ಅಕ್ಷರವಿಲ್ಲದವರಿಗೂ ಸಾಹಿತ್ಯಸಂಸ್ಕಾರವನ್ನು ಕೊಟ್ಟವು. ಹೊಸ ಉಪನ್ಯಾಸವು ಇವುಗಳಿಂದ ಮುಖ್ಯವಾಗಿ ಎರಡು ವಿಷಯಗಳಲ್ಲಿ ಬೇರೆಯಾಯಿತು. ಪ್ರವಚನದಲ್ಲಿ ಗ್ರಂಥವು ಮೊದಲೇ ಪ್ರಮಾಣವೆಂದು ಒಪ್ಪಿತವಾಗಿರುತ್ತದೆ. ಉಪನ್ಯಾಸದಲ್ಲಿ ಪ್ರಮಾಣವನ್ನು ತೋರಿಸುವ ಹೊಣೆ ಉಪನ್ಯಾಸಕನದು. ಪ್ರವಚನದ ಕೊನೆಯಲ್ಲಿ ಮಂಗಳವುಂಟು. ಉಪನ್ಯಾಸದ ಕೊನೆಯಲ್ಲಿ ಪ್ರಶ್ನೆಯುಂಟು. ಆದರೂ ಗಂಟೆಗಟ್ಟಲೆ ಕುಳಿತು ಕಿವಿಗೊಡುವ ಅಭ್ಯಾಸವನ್ನು ಹೊಸ ಉಪನ್ಯಾಸಕ್ಕೆ ಸಿದ್ಧಮಾಡಿ ಕೊಟ್ಟದ್ದು ಹಳೆಯ ಪದ್ಧತಿಯೇ.

ಇಂಥ ಸಭೆಗಳಿಗೆ ತಕ್ಕ ನೆಲೆಯನ್ನು ಒದಗಿಸಿದವು ಹೊಸ ಬಡಾವಣೆಗಳು. ಚಾಮರಾಜಪೇಟೆಯು ೧೮೯೨ರಲ್ಲಿ ರೂಪುಗೊಂಡಿತು. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕ ಮೇಲೆ, ಇಕ್ಕಟ್ಟಾದ ಹಳೆಯ ಪೇಟೆಗಳನ್ನು ಬಿಟ್ಟು ಗಾಳಿಬೆಳಕುಳ್ಳ ಕಡೆಗೆ ಹೋಗಬೇಕೆಂಬ ಎಣಿಕೆಯು ಬಲಿತು, ದಕ್ಷಿಣದಲ್ಲಿ ಬಸವನಗುಡಿಯೂ ವಾಯವ್ಯದಲ್ಲಿ ಮಲ್ಲೇಶ್ವರವೂ ಬೆಳೆದುವು. ಅಲ್ಲಿಗೆ ಬಂದು ನೆಲಸಿದವರಲ್ಲಿ ಸರಕಾರದ ನೌಕರರು, ಉಪಾಧ್ಯಾಯರು, ವಕೀಲರು, ನಿವೃತ್ತ ಅಧಿಕಾರಿಗಳು ಬಹುಮಂದಿ. ಸಾಯಂಕಾಲ ಬಿಡುವುಳ್ಳವರೂ ಓದಿನ ರುಚಿ ಹತ್ತಿದವರೂ ಕಾಲ್ನಡಿಗೆಯ ದೂರದಲ್ಲಿ ಒಟ್ಟಿಗೆ ಇದ್ದುದು ಮುಂದಿನ ಬೆಳವಣಿಗೆಗೆ ಮುಖ್ಯ ಕಾರಣವೆಂದು ತೋರುತ್ತದೆ.

೩

ಬೆಂಗಳೂರಿನ ವಿದ್ವತ್ಸಭೆಗಳಲ್ಲಿ ಕಾಲಕ್ರಮದಿಂದ ಮುಂಚೆ ಹೇಳಬೇಕಾದದ್ದು ಮಿಥಿಕ್ ಸೊಸೈಟಿ. ಅದು ೧೯೦೯ರಲ್ಲಿ ದಂಡಿನ ಪ್ರದೇಶದ ಕಲೆಕ್ಟರರಾಗಿದ್ದ ಎಫ್. ಜೆ. ರಿಚರ್ಡ್ಸ್ ಅವರ ಪ್ರಯತ್ನದಿಂದ ಹುಟ್ಟಿತು. ಅಲ್ಲಿನ ಪದ್ಧತಿಯು ಗಮನಾರ್ಹವಾದುದು. ಸದಸ್ಯರು ಚರಿತ್ರೆ, ಶಾಸನ, ಜನಪದದ ಆಚಾರಗಳು ಮೊದಲಾದ ವಿಷಯಗಳ ಮೇಲೆ ಸಭೆಯಲ್ಲಿ ಪ್ರಬಂಧವನ್ನು ಓದುವರು, ಚರ್ಚೆ ನಡೆಯುವುದು, ಅನಂತರ ಆ ಪ್ರಬಂಧವು ಸೊಸೈಟಿಯ ತ್ರೈಮಾಸಿಕದಲ್ಲಿ ಅಚ್ಚಾಗುವುದು. ಮಾತಿಗೂ ಪತ್ರಿಕೆಗೂ ಹೀಗೆ ಮೊದಲಿನಿಂದಲೇ ನಂಟು ಬಿದ್ದಿತು. ಆದರೆ ಅಲ್ಲಿಯ ವ್ಯವಹಾರವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದಿತು.

ಕನ್ನಡದಲ್ಲಿ ಉಪನ್ಯಾಸದ ಶಕ್ತಿ ಎಷ್ಟೆಂಬುದನ್ನು ತೋರಿಸಿದ ಸಂದರ್ಭ ಬೆಂಗಳೂರಿನ ಹೊರಗಿನದು. ಧಾರವಾಡದಲ್ಲಿ ೧೮೯೦ರಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ೧೯೧೧ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ವಿಷಯದ ಮೇಲೆ ಮಾತನಾಡಿದರು. ಹೊಸಗನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಆ ಉಪನ್ಯಾಸವನ್ನು ಬಿಟ್ಟು ಮುಂದೆ ಹೋಗಲಾರರು. ಒಂದು ಸಾಯಂಕಾಲದ ಮಾತು ಚಾರಿತ್ರಿಕ ಘಟನೆಯಾಗಬಲ್ಲುದೆಂಬುದಕ್ಕೆ ಅದೇ ಸಾಕ್ಷಿ.

ನಾಲ್ಕು ವರ್ಷಗಳ ತರುವಾಯ, ೧೯೧೫ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿತು; ೧೯೧೬ರಲ್ಲಿ ಅದರ ಪತ್ರಿಕೆ ಹೊರಟಿತು. ೧೯೧೮ ಮತ್ತು ೧೯೧೯ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ೧೯೧೯ರಲ್ಲಿಯೇ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ, 'ಪ್ರಬುದ್ಧ ಕರ್ಣಾಟಕ'ವು ಹುಟ್ಟಿತು. ಇಂಗ್ಲಿಷಿನಲ್ಲಿ ಪಾಠ ಕೇಳಿದ ವಿದ್ಯಾರ್ಥಿಗಳು ಸಂಘದಲ್ಲಿ ಕನ್ನಡದ ಮಾತನ್ನು ಕೇಳಬಹುದಾಯಿತು. ಆ ಹತ್ತು ವರ್ಷಗಳಲ್ಲಿ ಪ್ರತಿಯೊಂದು ಸಭೆಯ ಬೆನ್ನಿಗೂ ಒಂದು ಪತ್ರಿಕೆಯು ಕಾಣಿಸಿಕೊಂಡುದು ಆಕಸ್ಮಿಕವಲ್ಲ. ಆಡಿದ್ದನ್ನು ಅಚ್ಚುಮಾಡಬೇಕೆಂಬ ಎಚ್ಚರವು ಆ ತಲೆಮಾರಿಗೆ ಇದ್ದಿತು.

೪

ಪರಿಷತ್ತಿಗೆ ೧೯೩೩ರಲ್ಲಿ ಚಾಮರಾಜಪೇಟೆಯಲ್ಲಿ ಸ್ವಂತ ಮಂದಿರವಾಯಿತು. ಅದೇ ವರ್ಷ ಡಿ. ವಿ. ಗುಂಡಪ್ಪನವರು ಉಪಾಧ್ಯಕ್ಷರಾದರು, ೧೯೩೭ರವರೆಗೂ ಆ ಹೊಣೆಯನ್ನು ಹೊತ್ತಿದ್ದರು. ಸಾಹಿತ್ಯಕ್ಕೆ ಮನೆ ಕಟ್ಟಿದರೆ ಸಾಲದು, ಅದರೊಳಗೆ ಜನ ಕೂಡುವಂತೆ ಮಾಡಬೇಕೆಂಬುದು ಅವರ ದೃಷ್ಟಿಯೆಂದು ಅವರ ಕಾರ್ಯಗಳಿಂದ ಊಹಿಸಬಹುದು. ಅವರ ಕಾಲದಲ್ಲಿ ಆರಂಭವಾದ ವಸಂತ ಸಾಹಿತ್ಯೋತ್ಸವವು ಉಪನ್ಯಾಸ, ಕಾವ್ಯವಾಚನ, ಗೋಷ್ಠಿಗಳನ್ನು ಒಂದು ಋತುವಿಗೆ ಕಟ್ಟಿಕೊಟ್ಟಿತು. ಗಮಕಕಲೆಗೂ ಪರಿಷತ್ತು ಆಶ್ರಯವನ್ನು ಕೊಟ್ಟಿತು. ಹಳೆಯ ಶ್ರವಣಪದ್ಧತಿಯೂ ಹೊಸ ಉಪನ್ಯಾಸವೂ ಹೀಗೆ ಒಂದೇ ಚಾವಣಿಯ ಕೆಳಗೆ ಬಂದುವು.

ವಸಂತಕ್ಕೂ ಉಪನ್ಯಾಸಕ್ಕೂ ನಂಟು ಕಟ್ಟಿದುದು ನಮ್ಮ ನೆರೆಯ ಪುಣೆಯಲ್ಲಿ ಮೊದಲೇ ನಡೆದಿದ್ದಿತು. ಮಹಾದೇವ ಗೋವಿಂದ ರಾನಡೆಯವರು ೧೮೭೫ರಲ್ಲಿ ಅಲ್ಲಿ 'ವಸಂತ ವ್ಯಾಖ್ಯಾನಮಾಲೆ'ಯನ್ನು ತೊಡಗಿದರು. ಬೇಸಗೆಯ ಸಾಯಂಕಾಲಗಳಲ್ಲಿ ರಾಜಕೀಯ, ಸಮಾಜ, ಶಾಸ್ತ್ರ, ಸಾಹಿತ್ಯಗಳ ಮೇಲೆ ಅಲ್ಲಿ ಉಪನ್ಯಾಸಗಳು ನಡೆಯುತ್ತ ಬಂದುವು. ರಾನಡೆಯವರ ಶಿಷ್ಯರು ಗೋಪಾಲಕೃಷ್ಣ ಗೋಖಲೆಯವರು. ಗೋಖಲೆಯವರ ಆದರ್ಶವನ್ನು ಮನಸ್ಸಿನಲ್ಲಿ ಇರಿಸಿಕೊಂಡವರು ಗುಂಡಪ್ಪನವರು. ಚಾಮರಾಜಪೇಟೆಯ ಉತ್ಸವವು ಪುಣೆಯ ಅನುಕರಣವೆಂದು ಇಷ್ಟರಿಂದಲೇ ಸಿದ್ಧಪಡಿಸಲಾಗದು. ವಿದ್ಯೆಯನ್ನು ಪಾಠಶಾಲೆಯ ಗೋಡೆಯಿಂದ ಹೊರಕ್ಕೆ ತಂದು ಪೌರಜೀವನದ ಅಂಗವಾಗಿ ಮಾಡಬೇಕೆಂಬ ಒಂದೇ ಎಣಿಕೆಯ ಎರಡು ಕವಲುಗಳೆಂದು ಹೇಳಿದರೆ ತಪ್ಪಾಗದು.

ಇದೇ ಎಣಿಕೆಯು ಬೇರೆ ದೇಶಗಳಲ್ಲಿಯೂ ಸಂಸ್ಥೆಗಳನ್ನು ಹುಟ್ಟಿಸಿದ್ದಿತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಶುಕ್ರವಾರದ ಸಾಯಂಕಾಲದ ಉಪನ್ಯಾಸಗಳೂ, ಎಳೆಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳೂ ೧೮೨೫ರಲ್ಲಿ, ಮೈಕೇಲ್ ಫ್ಯಾರಡೆಯವರ ಕಾಲದಲ್ಲಿ, ಆರಂಭವಾದುವು. ಮರುವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಜೊಸಾಯ ಹಾಲ್‌ಬ್ರೂಕ್ ಎಂಬವರು ಊರೂರಿನಲ್ಲಿಯೂ ಉಪನ್ಯಾಸಸಂಘವಿರಬೇಕೆಂದು 'ಲೈಸಿಯಂ' ಎಂಬ ಸಂಘಗಳ ಚಳವಳಿಯನ್ನು ಹೂಡಿದರು. ದಿನವೂ ಹೊತ್ತೂ ನಿಯತವಾಗಿರಬೇಕು, ವಿಷಯವು ಬದಲಾಗುತ್ತಿರಬೇಕು, ಬಾಗಿಲು ತೆರೆದಿರಬೇಕು: ಎಲ್ಲ ಕಡೆಯಲ್ಲಿಯೂ ಕಂಡುಬರುವ ನಿಯಮ ಇದೇ.

೫

ಬಸವನಗುಡಿಯ ಚರಿತ್ರೆಯಲ್ಲಿ ೧೯೪೫ನೆಯ ವರ್ಷಕ್ಕೆ ವಿಶೇಷವಾದ ಸ್ಥಾನವಿದೆ. ಮಹಾಯುದ್ಧವು ಮುಗಿಯುತ್ತಿದ್ದಿತು, ಸ್ವಾತಂತ್ರ್ಯವು ಹತ್ತಿರವಾಗುತ್ತಿದೆಯೆಂದು ಜನ ತಿಳಿದಿದ್ದರು. ಆ ಒಂದೇ ವರ್ಷದಲ್ಲಿ ಒಂದರಿಂದ ಒಂದಕ್ಕೆ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ಮೂರು ಸಂಸ್ಥೆಗಳು ಹುಟ್ಟಿದುವು.

ಮೊದಲನೆಯದು ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಗೋಖಲೆಯವರು ತೀರಿಕೊಂಡು ಆಗ ಮೂವತ್ತು ವರ್ಷಗಳಾಗಿದ್ದುವು. ಪ್ರಜಾಪ್ರಭುತ್ವವು ಬಂದರೆ ಮತ ಹಾಕುವವನಿಗೆ ರಾಜ್ಯವಿಚಾರವು ತಿಳಿದಿರಬೇಕು. ಅದನ್ನು ಪಕ್ಷದ ವೇದಿಕೆಯಿಂದ ಕಲಿಯಲಾಗದು. ಪಕ್ಷಾತೀತವಾದ ಅಧ್ಯಯನಕ್ಕೆ ಒಂದು ಸ್ಥಳವಿರಬೇಕು ಎಂಬುದು ಆ ಸಂಸ್ಥೆಯ ಹಿಂದಿನ ವಿಚಾರ. ಗ್ರಂಥಾಲಯ, ಅಧ್ಯಯನಗೋಷ್ಠಿ, ಉಪನ್ಯಾಸಗಳು ಅದರ ಸಾಧನಗಳಾದುವು.

ಎರಡನೆಯದು ಬಿ. ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಗಳು ಆಗಸ್ಟ್ ೧೧ರಂದು ಸ್ಥಾಪಿಸಿದ ಭಾರತೀಯ ಸಂಸ್ಕೃತಿ ಸಂಸ್ಥೆ; ಈಗ ಅದಕ್ಕೆ ವಿಶ್ವಸಂಸ್ಕೃತಿ ಸಂಸ್ಥೆಯೆಂದು ಹೆಸರು. ವಾಡಿಯಾ ಅವರು ೧೯೧೮ರಲ್ಲಿ ಮದ್ರಾಸಿನ ಗಿರಣಿ ಕೂಲಿಗಾರರ ಸಂಘವನ್ನು ಕಟ್ಟಿದವರು. ಅನಂತರ ಬ್ರಹ್ಮವಿದ್ಯೆಯ ಪ್ರಚಾರಕ್ಕೆ ತಿರುಗಿದವರು. ದೇಶವಿದೇಶಗಳ ವಿದ್ವಾಂಸರನ್ನು ಬಸವನಗುಡಿಯ ಸಭಿಕರ ಎದುರಿಗೆ ನಿಲ್ಲಿಸುವುದು ಆ ಸಂಸ್ಥೆಯ ವೈಶಿಷ್ಟ್ಯ. ಅಲ್ಲಿ ಓದಿದ ಪ್ರಬಂಧಗಳಲ್ಲಿ ಹಲವು ಕಿರುಹೊತ್ತಗೆಗಳಾಗಿ ಪ್ರಕಟವಾದುವು. ೧೯೫೮ರಲ್ಲಿ ವಾಡಿಯಾ ಅವರು ಕಾಲವಾದ ಮೇಲೆಯೂ ಕಾರ್ಯವು ನಿಲ್ಲಲಿಲ್ಲ. ಸಂಸ್ಥೆಯಿರುವ ರಸ್ತೆಗೆ ಅವರ ಹೆಸರೇ ಬಂದಿದೆ.

ಮೂರನೆಯದು ನ್ಯಾಷನಲ್ ಕಾಲೇಜು. ಅದು ೧೯೧೭ರ ನ್ಯಾಷನಲ್ ಹೈಸ್ಕೂಲಿನ ಬೆಳವಣಿಗೆ. ಕಾಲೇಜನ್ನು ಉಪನ್ಯಾಸಸಂಸ್ಥೆಯೆಂದು ಎಣಿಸುವುದೇಕೆ ಎಂಬುದು ಮುಂದಿನ ಭಾಗದಿಂದ ತಿಳಿಯುವುದು.

ಈ ಮೂರರಲ್ಲಿ ಒಂದು ರಾಜ್ಯವಿಚಾರವನ್ನೂ, ಒಂದು ವಿಶ್ವಸಂಸ್ಕೃತಿಯನ್ನೂ, ಒಂದು ಕ್ರಮವಾದ ವಿದ್ಯಾಭ್ಯಾಸವನ್ನೂ ಲಕ್ಷ್ಯವಾಗಿ ಉಳ್ಳದ್ದು. ಒಬ್ಬನೇ ಕೇಳುಗನು ವಾರದಲ್ಲಿ ಒಂದು ದಿನ ಗೀತೆಯ ವಿಚಾರವನ್ನೂ, ಇನ್ನೊಂದು ದಿನ ಬೇರೊಂದು ದೇಶದ ಕಲೆಯನ್ನೂ ಕೇಳಿ ಬರುವಂತಾಯಿತು. ವೈವಿಧ್ಯವು ಹೀಗೆ ಒಂದು ಸಂಸ್ಥೆಯ ಗುಣವಾಗಿರುವುದಕ್ಕಿಂತ ಇಡೀ ಬಡಾವಣೆಯ ಗುಣವಾಯಿತು.

೬

ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ವಿಜ್ಞಾನವೇದಿಕೆಯನ್ನು ಆರಂಭಿಸಿದರು. ಅವರು ೧೯೨೦ರಲ್ಲಿ ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ ಹುಟ್ಟಿದವರು. ೧೯೪೨ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದವರು. ಅಮೆರಿಕದ ಓಹಾಯೊದಲ್ಲಿ ಪರಮಾಣುಗರ್ಭದ ಭೌತವಿಜ್ಞಾನದಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದವರು. ವಾರಕ್ಕೊಂದು ಸಾಯಂಕಾಲ, ಬುಧವಾರ, ವಿಜ್ಞಾನದ ಒಂದು ವಿಷಯದ ಮೇಲೆ ತಜ್ಞರೊಬ್ಬರ ಉಪನ್ಯಾಸ, ಪ್ರವೇಶಕ್ಕೆ ಹಣವಿಲ್ಲ, ಕೊನೆಯಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಇದರ ಜೊತೆಗೆ ಜುಲೈ ತಿಂಗಳಲ್ಲಿ ದಿನದಿನವೂ ಉಪನ್ಯಾಸ ನಡೆಯುವ ವಿಜ್ಞಾನೋತ್ಸವವೂ ಸೇರಿತು.

ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದೆಂಬುದು ನರಸಿಂಹಯ್ಯನವರ ಜೀವನಸೂತ್ರ. ೧೯೭೩ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ವಿಚಾರಣೆಗೆ ಒಳಪಡಿಸಲು ಅವರು ಸಮಿತಿಯನ್ನು ನೇಮಿಸಿದುದೂ ಅದೇ ಸೂತ್ರದ ಪ್ರಯೋಗ. ಬುಧವಾರದ ಸಭೆಯ ಪ್ರಶ್ನೋತ್ತರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪ್ರವಚನದಿಂದ ಉಪನ್ಯಾಸವು ಬೇರೆಯಾದುದು ಪ್ರಶ್ನೆಯಿಂದ ಎಂದು ಮೇಲೆ ಹೇಳಿದೆಯಷ್ಟೆ. ಆ ಭೇದವು ಪೂರ್ಣವಾಗಿ ನೆಲೆಗೊಂಡುದು ಈ ವೇದಿಕೆಯಲ್ಲಿ. ೨೦೦೫ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆಯೂ ವೇದಿಕೆಯು ಉಳಿಯಿತೆಂಬುದು ಅದು ವ್ಯಕ್ತಿಯನ್ನು ಮೀರಿದ ಸಂಸ್ಥೆಯಾಗಿದ್ದಿತೆಂಬುದಕ್ಕೆ ನಿದರ್ಶನ.

ಮಲ್ಲೇಶ್ವರದ 'ಪಂಚವಟಿ'ಯೆಂಬ ಮನೆಯನ್ನು ತಮ್ಮದಾಗಿ ಮಾಡಿಕೊಂಡಿದ್ದ ಚಂದ್ರಶೇಖರ ವೆಂಕಟರಾಮನ್ ಅವರನ್ನು ಇಲ್ಲಿ ನೆನೆಯಬೇಕು. ತಮ್ಮ ಸಂಶೋಧನಾಲಯದಲ್ಲಿ ವರ್ಷವರ್ಷವೂ ಅಕ್ಟೋಬರ್ ೨ರಂದು ಗಾಂಧಿ ಸ್ಮಾರಕೋಪನ್ಯಾಸವನ್ನು ಅವರು ಸಾರ್ವಜನಿಕರಿಗಾಗಿ ಮಾಡುತ್ತಿದ್ದರು. ಕೊನೆಯದನ್ನು ಮಾಡಿದುದು ೧೯೭೦ರಲ್ಲಿ. ವಿಷಯವು ಕಿವಿಯ ರಚನೆ ಮತ್ತು ಶಬ್ದದ ಗ್ರಹಣ. ಅದೇ ನವೆಂಬರ್ ೨೧ರಂದು ಅವರು ಕಾಲವಾದರು. ಲೋಕವೇ ಗೌರವಿಸಿದ ವಿಜ್ಞಾನಿಯು ಎಂಬತ್ತೆರಡರ ವಯಸ್ಸಿನ ಅಂಚಿನಲ್ಲಿ, ಹೊಸದಾಗಿ ತಾನು ಯೋಚಿಸುತ್ತಿದ್ದ ವಿಷಯವನ್ನೇ ಊರ ಜನರ ಮುಂದೆ ಇಟ್ಟರೆಂಬುದು ಉಪನ್ಯಾಸದ ಗೌರವವನ್ನು ಹೆಚ್ಚಿಸತಕ್ಕ ಸಂಗತಿ.

೭

ಇಷ್ಟು ಹೇಳಿದ ಮೇಲೆ ಕೊರತೆಗಳನ್ನೂ ಹೇಳುವುದು ಚರಿತ್ರಕಾರನ ಧರ್ಮ. ಬಾಗಿಲು ತೆರೆದಿದ್ದಿತೆಂಬುದರಿಂದ ಎಲ್ಲರೂ ಒಳಗೆ ಬಂದರೆಂದು ಆಗುವುದಿಲ್ಲ. ಬಸವನಗುಡಿ ಮಲ್ಲೇಶ್ವರಗಳ ನಿವೇಶನಗಳನ್ನು ವಿಂಗಡಿಸುವಾಗಲೇ ಜಾತಿವಾರು ಭಾಗಗಳನ್ನು ಗುರುತಿಸಿದ್ದಿತು. ಸಭಿಕರು ಬರುತ್ತಿದ್ದುದು ಬಹುಮಟ್ಟಿಗೆ ಸುತ್ತಲಿನ ಮನೆಗಳಿಂದಲೇ. ಸಾಯಂಕಾಲದ ಹೊತ್ತು ಕಚೇರಿಯಿಂದ ಬಂದವರಿಗೆ ಬಿಡುವು, ಅಡುಗೆಮನೆಯಲ್ಲಿರುವವರಿಗೆ ಕೆಲಸ. ಗಿರಣಿಯಲ್ಲಿ ದುಡಿಯುವವನಿಗೂ ಪೇಟೆಯಲ್ಲಿ ಅಂಗಡಿ ಇಟ್ಟವನಿಗೂ ಆ ಹೊತ್ತು ಒದಗುತ್ತಿರಲಿಲ್ಲ. ಈ ಕೊರತೆಯನ್ನು ಕಂಡು ಬೇರೆ ದಾರಿ ಹಿಡಿದವರೂ ಉಂಟು. 'ಸರಸ್ವತಿ' ಮಾಸಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿ, ದೊಡ್ಡವರ ಸಭೆಯಲ್ಲಿ ಸ್ಥಳವಿಲ್ಲದವರಿಗೆ ಸಭೆಯನ್ನೇ ಮಾಡಿಕೊಟ್ಟರು.

ಭಾಷೆಯು ಎರಡನೆಯ ಅಡ್ಡಿ. ಪರಿಷತ್ತಿನಲ್ಲಿ ಕನ್ನಡವೂ, ಮಿಥಿಕ್ ಸೊಸೈಟಿಯಲ್ಲಿಯೂ ವಾಡಿಯಾ ಸಂಸ್ಥೆಯಲ್ಲಿಯೂ ಹೆಚ್ಚಾಗಿ ಇಂಗ್ಲಿಷೂ ನಡೆದುವು. ಸಾಹಿತ್ಯ, ವೇದಾಂತಗಳಿಗೆ ಕನ್ನಡವು ಸಾಕು, ವಿಜ್ಞಾನಕ್ಕೂ ರಾಜ್ಯವಿಚಾರಕ್ಕೂ ಇಂಗ್ಲಿಷ್ ಬೇಕೆಂಬ ಒಂದು ವಿಭಾಗವು ಯಾರೂ ವಿಧಿಸದೆಯೇ ಬೇರೂರಿತು. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವುಗಳನ್ನು ಸಣ್ಣ ಪುಸ್ತಕಗಳಾಗಿ ಹೊರತಂದುದು ಈ ವಿಭಾಗವನ್ನು ಅಳಿಸಲು ನಡೆದ ದೊಡ್ಡ ಪ್ರಯತ್ನ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಬರುವುದೆಂದು ವೆಂಕಟನಾರಣಪ್ಪನವರು ೧೯೧೮ರಲ್ಲಿಯೇ ತೋರಿಸಿದ್ದರು.

೮

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರಬಹುದು. ಸಭೆ ಮುಗಿದ ಮೇಲೆ ಉಳಿಯುವುದೇನು?

ಗುಂಡಪ್ಪನವರು ಗೋಖಲೆ ಸಂಸ್ಥೆಯಲ್ಲಿ ಭಗವದ್ಗೀತೆಯ ಮೇಲೆ ಮಾಡಿದ ಉಪನ್ಯಾಸಗಳು ೧೯೬೬ರಲ್ಲಿ 'ಜೀವನಧರ್ಮಯೋಗ'ವೆಂಬ ಗ್ರಂಥವಾದುವು; ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಗ್ರಂಥದ ಗದ್ಯದಲ್ಲಿ ಎದುರಿಗೆ ಕುಳಿತವರನ್ನು ಉದ್ದೇಶಿಸಿ ಮಾತನಾಡುವ ಬೆಚ್ಚನೆಯೂ, ಬರಹಕ್ಕೆ ಇಳಿಸುವಾಗ ತೂಗಿ ನೋಡಿದ ಎಚ್ಚರವೂ ಒಟ್ಟಿಗೆ ಇವೆ. ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ೧೯೪೪ರಲ್ಲಿ ಮದ್ರಾಸಿನ ಮೈಲಾಪುರದಲ್ಲಿ ರಾಮಾಯಣದ ಮೇಲೆ ಇಂಗ್ಲಿಷಿನಲ್ಲಿ ಮಾಡಿದ ಮೂವತ್ತು ಉಪನ್ಯಾಸಗಳೂ ಹಾಗೆಯೇ, ಅವರು ತೀರಿಕೊಂಡ ಮೇಲೆ, ೧೯೪೯ರಲ್ಲಿ ಗ್ರಂಥರೂಪದಿಂದ ಉಳಿದುವು. ಬರೆದುಕೊಂಡವರೂ ತಿದ್ದಿದವರೂ ಅಚ್ಚಿಗೆ ಕೊಟ್ಟವರೂ ಇಲ್ಲದಿದ್ದರೆ ಈ ಎರಡು ಗ್ರಂಥಗಳೂ ಕೇಳಿದವರ ನೆನಪಿನೊಡನೆ ಮುಗಿದುಹೋಗುತ್ತಿದ್ದುವು. ೧೯೭೦ರಲ್ಲಿ ನಾಡು ತಮಗೆ ಅರ್ಪಿಸಿದ ೯೦,೦೦೦ ರೂಪಾಯಿಗಳ ನಿಧಿಯನ್ನು ಗುಂಡಪ್ಪನವರು ಪೂರ್ತಿಯಾಗಿ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಗೋಷ್ಠಿಯು ತಮ್ಮ ಕಾಲಕ್ಕೆ ನಿಲ್ಲಬಾರದೆಂಬ ಕಾಳಜಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಗ್ರಂಥವಾದುದು ಕೆಲವು ಮಾತ್ರ. ವಾರಕ್ಕೊಂದರಂತೆ ಎಣಿಸಿದರೂ ಒಂದು ವೇದಿಕೆಯಲ್ಲಿ ವರ್ಷಕ್ಕೆ ಸುಮಾರು ಐವತ್ತು, ಹತ್ತು ವರ್ಷಕ್ಕೆ ಐನೂರು ಉಪನ್ಯಾಸಗಳಾಗುವುವು. ಅವುಗಳಲ್ಲಿ ಪಾಠಶುದ್ಧವಾದ ಬರಹವಾಗಿ ನಮ್ಮ ಕೈಗೆ ಬಂದಿರುವುವು ಎಷ್ಟು ಅಲ್ಪವೆಂಬುದನ್ನು ಯಾವ ಗ್ರಂಥಾಲಯದ ಪಟ್ಟಿಯನ್ನು ನೋಡಿದರೂ ತಿಳಿಯಬಹುದು. ಸಾಹಿತ್ಯಚರಿತ್ರೆಯು ಅಚ್ಚಾದುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಒಂದು ಶತಮಾನದ ಕನ್ನಡದ ವಿಚಾರವಾಣಿಯಲ್ಲಿ ಬಹುಭಾಗವು ಚರಿತ್ರೆಯ ಹೊರಗೆ ಉಳಿದಿದೆ.

೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕರೋಗದ ಕಾರಣದಿಂದ ಸಭಾಮಂದಿರಗಳೆಲ್ಲ ಮುಚ್ಚಿದುವು. ಪ್ಲೇಗು ಜನರನ್ನು ಹೊಸ ಬಡಾವಣೆಗಳಿಗೆ ಕಳುಹಿಸಿದಂತೆ ಈ ರೋಗವು ಉಪನ್ಯಾಸಗಳನ್ನು ಅಂತರಜಾಲಕ್ಕೆ ಕಳುಹಿಸಿತು. ಇದರಿಂದ ಆದ ಲಾಭವನ್ನು ಅಲ್ಲಗಳೆಯಲಾಗದು. ಕಾಸರಗೋಡಿನ ಉಪಾಧ್ಯಾಯನೂ, ಹೊರದೇಶದಲ್ಲಿರುವ ಕನ್ನಡ ಗೃಹಿಣಿಯೂ, ಮನೆಯಿಂದ ಹೊರಡಲಾರದ ವೃದ್ಧರೂ ಈಗ ಸಭಿಕರಾಗಬಲ್ಲರು. ಮೇಲೆ ಹೇಳಿದ ಹೊತ್ತಿನ ಅಡ್ಡಿ, ದೂರದ ಅಡ್ಡಿಗಳು ಬಹುಮಟ್ಟಿಗೆ ಸಡಿಲಿದುವು. ಆದರೆ ಮುದ್ರಿತಧ್ವನಿ ಉಳಿದಿದೆಯೆಂದ ಮಾತ್ರಕ್ಕೆ ಉಪನ್ಯಾಸವು ಉಳಿಯಿತೆಂದು ತೃಪ್ತಿಪಡುವುದು ಸರಿಯಲ್ಲ. ಧ್ವನಿಮುದ್ರಣದಲ್ಲಿ ತಿದ್ದುಪಡಿಯಿಲ್ಲ, ಅನುಕ್ರಮಣಿಕೆಯಿಲ್ಲ. ಉಪನ್ಯಾಸಕರು ಎತ್ತಿ ಹೇಳಿದ ಶಾಸನದ ಪಾಠ ಸರಿಯೋ ತಪ್ಪೋ ಎಂದು ನೋಡಲು ಗಂಟೆಯ ಮಾತನ್ನು ಮತ್ತೆ ಕೇಳಬೇಕು. ಅದನ್ನು ಇಟ್ಟಿರುವ ಕಂಪನಿಯು ತನ್ನ ನಿಯಮವನ್ನು ಬದಲಿಸಿದರೆ ನಮ್ಮ ಭಂಡಾರವೇ ಇಲ್ಲವಾದೀತು. ತಾಳೆಯೋಲೆಯನ್ನು ಪ್ರತಿಮಾಡಿ ಉಳಿಸಿದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದಕಾರಣ ಉಪನ್ಯಾಸಮಾಲೆಗಳನ್ನು ನಡೆಸುವವರ ಮುಂದೆ ಎರಡು ಸೂಚನೆಗಳನ್ನು ಇಡಬಹುದು. ಒಂದು: ಪ್ರತಿಯೊಂದು ಉಪನ್ಯಾಸದ ದಿನ, ವಿಷಯ, ಉಪನ್ಯಾಸಕರ ಹೆಸರು, ಬಳಸಿದ ಭಾಷೆ, ಕೇಳಿದ ಪ್ರಶ್ನೆಗಳ ಸಾರ, ಇಷ್ಟನ್ನಾದರೂ ಕಾಗದದ ಮೇಲೆ ದಾಖಲೆ ಮಾಡಿ ಒಂದು ಗ್ರಂಥಾಲಯದಲ್ಲಿ ಇರಿಸಬೇಕು. ಎರಡು: ಋತುವಿನಲ್ಲಿ ನಡೆದ ಉಪನ್ಯಾಸಗಳಲ್ಲಿ ಒಂದೆರಡನ್ನಾದರೂ ಉಪನ್ಯಾಸಕರೇ ತಿದ್ದಿದ ಪಾಠವಾಗಿ ಕನ್ನಡದಲ್ಲಿ ಅಚ್ಚುಮಾಡಬೇಕು. ಸಾಹಿತ್ಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಈ ಬರವಣಿಗೆಯನ್ನು ಮಾಡಿಸಿದರೆ, ಕೇಳಿದುದನ್ನು ಅರ್ಥಗೆಡದಂತೆ ಬರೆಯುವ ಶಿಕ್ಷಣವೂ ಅವರಿಗೆ ದೊರೆಯುವುದು. ೧೯೭೯ರಲ್ಲಿ ಎಂ. ವಿ. ಸೀತಾರಾಮಯ್ಯನವರು ನರಸಿಂಹರಾಜ ಕಾಲೋನಿಯಲ್ಲಿ ಕಟ್ಟಿದ ಬಿ. ಎಂ. ಶ್ರೀ. ಸ್ಮಾರಕ ಪ್ರತಿಷ್ಠಾನದಂಥ ಸಂಸ್ಥೆಗಳಲ್ಲಿ ಹಸ್ತಪ್ರತಿಗಳ ರಕ್ಷಣೆಯೂ ಉಪನ್ಯಾಸವೂ ಜೊತೆಗೂಡಿಯೇ ನಡೆದು ಬಂದಿವೆ. ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಉಪನ್ಯಾಸವೆಂದರೆ ಸಮೀಪದಲ್ಲ��� ಇಡುವುದು. ನಮ್ಮ ಹಿರಿಯರು ವಿದ್ಯೆಯನ್ನು ತಮ್ಮ ಕಾಲದವರ ಸಮೀಪಕ್ಕೆ ತಂದಿಟ್ಟರು. ಅವರಲ್ಲಿ ಎಚ್ಚರವುಳ್ಳವರು ಅದನ್ನು ಅಚ್ಚುಮಾಡಿ ನಮ್ಮ ಸಮೀಪಕ್ಕೂ ತಂದರು. ನಮ್ಮ ಕಾಲದಲ್ಲಿ ಆಡುವ ಮಾತು ಹಿಂದೆಂದಿಗಿಂತ ಹೆಚ್ಚು. ಅದರಲ್ಲಿ ಮುಂದಿನವರ ಕೈಗೆ ನಿಲುಕುವಷ್ಟು ಹತ್ತಿರದಲ್ಲಿ ಇಡುವ ಭಾಗವೆಷ್ಟು ಎಂಬುದರ ಮೇಲೆ ಈ ಪರಂಪರೆಯ ಮುಂದಿನ ಚರಿತ್ರೆಯು ನಿಂತಿದೆ.